ಲ್ಯಾಟಿನ್ ನಾಮಪದಕ್ಕೆ ವಿಶೇಷಣ ಜೋಡಿಸೋದು ಹೇಗೆ?

ಗಿಡಗಳ ಲ್ಯಾಟಿನ್ ಹೆಸರು ನೋಡಿ: ಭತ್ತ ಒರೈಜಾ ಸಟೈವಾ, ಬೆಳ್ಳುಳ್ಳಿ ಆಲಿಯಮ್ ಸಟೈವಮ್, ಕೇಸರಿ ಕ್ರೋಕಸ್ ಸಟೈವಸ್. ಬಾಟನಿ ಓದೋರು, ಅಗ್ರಿ ಬಿಎಸ್ಸಿ ಮಾಡೋರು ಇದನ್ನ ಹಂಗೇ ಬಾಯಿಪಾಠ ಹೊಡೀತಾರೆ, ಆಮೇಲೆ ಎಕ್ಸಾಮಲ್ಲಿ 'ವಾ' ಇರೋ ಕಡೆ 'ವಮ್' ಬರೆದು ಬರ್ತಾರೆ. ಮೂರು ಕಡೇನೂ ಇರೋದು ಒಂದೇ ಪದ, ಬೇಸಾಯ ಮಾಡಿ ಬೆಳೆದದ್ದು ಅಂತ ಅರ್ಥ, ಬಾಲ ಮಾತ್ರ ಬೇರೆ. ಆ ಬಾಲ ಬದಲಾಗೋ ಲೆಕ್ಕ ಹೀಗಿದೆ.

ಮೊದಲು ನಾಮಪದದ ಲಿಂಗ ನೋಡಿ. ಕನ್ನಡದಲ್ಲಿ ನಾವು ಅರ್ಥ ನೋಡಿ ಲಿಂಗ ಹೇಳ್ತೀವಿ, ಲ್ಯಾಟಿನ್ನಲ್ಲಿ ಸಂಸ್ಕೃತದ ಥರ ಪದಕ್ಕೇ ಲಿಂಗ ಅಂಟ್ಕೊಂಡಿರತ್ತೆ. ರೊಸ ಅಂದ್ರೆ ಗುಲಾಬಿ, ಸ್ತ್ರೀಲಿಂಗ. ಬೆಲ್ಲುಮ್ ಅಂದ್ರೆ ಯುದ್ಧ, ನಪುಂಸಕ. ಸಾಮಾನ್ಯವಾಗಿ ಕೊನೇಲಿ 'ಅ' ಬಂದ್ರೆ ಸ್ತ್ರೀ, 'ಉಸ್' ಬಂದ್ರೆ ಪುಂ, 'ಉಮ್' ಬಂದ್ರೆ ನಪುಂಸಕ, ಆದ್ರೆ ಇದನ್ನೇ ನಂಬ್ಕೊಂಡು ಕೂತ್ರೆ ಕೆಟ್ಟಂಗೆ, ಯಾಕಂದ್ರೆ ನೌತ (ನಾವಿಕ) ಪುಲ್ಲಿಂಗ, ಮನುಸ್ (ಕೈ) ಸ್ತ್ರೀಲಿಂಗ.

ಎರಡನೇದು, ಡಿಕ್ಷನರೀಲಿ ಪ್ರತಿ ನಾಮಪದಕ್ಕೂ ಎರಡು ರೂಪ ಕೊಟ್ಟಿರ್ತಾರೆ, ಪ್ರಥಮಾ ಮತ್ತೆ ಷಷ್ಠಿ. ಎರಡನ್ನೂ ಸೇರಿಸೇ ಕಲೀರಿ. ಹತ್ತೋ ಪ್ರತ್ಯಯ ನೋಡಿ ನಾಮಪದಗಳಲ್ಲಿ ಒಟ್ಟು ಐದು ಗುಂಪು, ಯಾವ ಗುಂಪು ಅಂತ ಹೇಳೋದು ಷಷ್ಠಿನೇ, ಒಂದರಿಂದ ಐದರವರೆಗೆ ಕ್ರಮವಾಗಿ: ರೊಸೈ (ಗುಲಾಬಿಯ), ದೊಮಿನೀ (ಒಡೆಯನ), ರೇಗಿಸ್ (ರಾಜನ), ಮನೂಸ್ (ಕೈಯ), ದಿಯೇಯೀ (ದಿನದ). ರಾಜ ಅನ್ನೋಕೆ ರೇಕ್ಸ್, ಅದರ ಷಷ್ಠಿ ರೇಗಿಸ್ (ನಮ್ಮ ರೇಗಿಸೋದಲ್ಲ!), 'ಇಸ್' ತೆಗೆದ್ರೆ 'ರೇಗ್' ಉಳಿಯತ್ತೆ, ಮುಂದಿನ ಪ್ರತ್ಯಯ ಎಲ್ಲಾ ಅದಕ್ಕೇ ಹತ್ತೋದು. ಬರೀ ರೇಕ್ಸ್ ಕಲಿತಿದ್ರೆ ಈ 'ಗ್' ಎಲ್ಲಿಂದ ಬಂತು ಅಂತ ತಲೆ ಕೆರ್ಕೋಬೇಕು.

ವಿಭಕ್ತಿ ನಮಗೇನು ಹೊಸದಲ್ಲ. ಲ್ಯಾಟಿನ್ನಲ್ಲಿ ಸಂಬೋಧನೆ ಸೇರಿ ಆರು, ದ್ವಿವಚನ ಇಲ್ಲ, ಸಂಸ್ಕೃತ ಓದಿದೋರಿಗೆ ಆರಾಮು. ತೃತೀಯಾ, ಪಂಚಮಿ, ಸಪ್ತಮಿ ಮೂರರ ಕೆಲಸಾನೂ ಹೆಚ್ಚಾಗಿ ಒಂದೇ ವಿಭಕ್ತಿ ಮಾಡತ್ತೆ, ಅದಕ್ಕೆ ಅಬ್ಲೇಟಿವ್ ಅಂತಾರೆ. ನೋಟ್ಸ್ ಕನ್ನಡದಲ್ಲೇ ಬರ್ಕೊಳ್ಳಿ, ಒಂದು ಲಾಭ ಇದೆ: ಪ್ರಥಮಾದಲ್ಲಿ ರೊಸ, ಅಬ್ಲೇಟಿವಲ್ಲಿ ರೊಸಾ, ದೀರ್ಘದ ಗುರುತು ಹಾಕದೆ ಇದ್ರೆ ರೋಮನ್ ಲಿಪೀಲಿ ಎರಡೂ ಒಂದೇ ಥರ ಕಾಣತ್ತೆ, ನಮ್ಮ ಲಿಪೀಲಿ ಆ ಗೊಂದಲನೇ ಇಲ್ಲ. ನಪುಂಸಕಕ್ಕೆ ಪ್ರಥಮಾ ದ್ವಿತೀಯಾ ಯಾವಾಗ್ಲೂ ಒಂದೇ, ಬಹುವಚನದಲ್ಲಿ ಎರಡೂ 'ಅ'ದಲ್ಲೇ ಮುಗಿಯತ್ತೆ. ನಾವು ದಿನಾ ಹೇಳೋ ಡೇಟಾ, ಮೀಡಿಯಾ ಇಂಥಾ ಬಹುವಚನಗಳೇ.

ಈಗ ವಿಶೇಷಣ, ನಮಗೆ ಕಷ್ಟ ಆಗೋದು ಇಲ್ಲೇ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ, ಕನ್ನಡದಲ್ಲಿ 'ದೊಡ್ಡ' ಅಲುಗಾಡಲ್ಲ. ಲ್ಯಾಟಿನ್ನಲ್ಲಿ ವಿಶೇಷಣ ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಹೊಂದಬೇಕು. ಮೂರಕ್ಕೆ ಹೊಂದ್ಬೇಕೇ ಹೊರತು ಪ್ರಾಸ ಆಗ್ಬೇಕು ಅಂತಿಲ್ಲ, ಎಲ್ಲರೂ ಎಡವೋದು ಇದಕ್ಕೇ. ಒಳ್ಳೆಯ ನಾವಿಕ ಅನ್ನೋದು ನೌತ ಬೊನುಸ್, ನೌತ ಬೊನ ಅಂದ್ರೆ ತಪ್ಪು. ಷಷ್ಠಿಯಲ್ಲಿ ನೌತೈ ಬೊನೀ, ದ್ವಿತೀಯಾದಲ್ಲಿ ನೌತಮ್ ಬೊನುಮ್. ನಾಮಪದ ಒಂದನೇ ಗುಂಪಿಂದು, ವಿಶೇಷಣ ಎರಡನೇ ಗುಂಪಿನ ಪ್ರತ್ಯಯ ಹಾಕ್ಕೊಂಡಿದೆ, ಇಬ್ಬರಿಗೂ ಪುಲ್ಲಿಂಗ ಅನ್ನೋದಷ್ಟೇ ಸಂಬಂಧ.

ಶ್ರೀಗಂಧ ಸ್ಯಾಂಟಲಮ್ ಆಲ್ಬಮ್, ಹಿಪ್ಪುನೇರಳೆ ಮೋರಸ್ ಆಲ್ಬಾ (ಇವು ಕಾಲೇಜಿನ ಉಚ್ಚಾರಣೆ, ರೋಮನ್ನರದ್ದಲ್ಲ). ಎರಡರಲ್ಲೂ 'ಬಿಳಿ' ಅನ್ನೋ ವಿಶೇಷಣ. ಮೋರಸ್ 'ಉಸ್'ನಲ್ಲಿ ಮುಗಿದ್ರೂ ಆಲ್ಬಸ್ ಯಾಕಾಗ್ಲಿಲ್ಲ ಅಂದ್ರೆ ಲ್ಯಾಟಿನ್ನಲ್ಲಿ ಮರಗಳ ಹೆಸರು ಹೆಚ್ಚಾಗಿ ಸ್ತ್ರೀಲಿಂಗ. ಅರಳಿ ಮರ ಫೈಕಸ್ ರಿಲಿಜಿಯೋಸಾ ಆಗಿದ್ದೂ ಹಿಂಗೇ. ಹಾಗಂತ ಹಲಸಿಗೂ ಇದನ್ನೇ ಹಚ್ಚೋಕೆ ಹೋಗ್ಬೇಡಿ, ಅದು ಆರ್ಟೋಕಾರ್ಪಸ್ ಹೆಟೆರೋಫಿಲಸ್, 'ಕಾರ್ಪಸ್' ಸೇರಿದ ಹೆಸರುಗಳು ಪುಲ್ಲಿಂಗ. ತೇಗದ ಟೆಕ್ಟೋನಾ ಗ್ರಾಂಡಿಸ್ ಇನ್ನೊಂದು ಬಗೆ, 'ಗ್ರಾಂಡಿಸ್' ಥರದ ವಿಶೇಷಣಕ್ಕೆ ಪುಂ ಸ್ತ್ರೀ ಎರಡಕ್ಕೂ ಒಂದೇ ರೂಪ, ನಪುಂಸಕಕ್ಕೆ ಮಾತ್ರ 'ಗ್ರಾಂಡೆ'.

ಇನ್ನು ಪುತ್ರಂಜೀವ ರಾಕ್ಸ್‌ಬರ್ಗಿಐ ಅನ್ನೋ ಮರದ ಹೆಸರು ನೋಡಿ. ಎರಡನೇ ಪದ ವಿಶೇಷಣನೇ ಅಲ್ಲ, ಕಲ್ಕತ್ತಾದ ಸಸ್ಯೋದ್ಯಾನ ನೋಡ್ಕೊಂಡಿದ್ದ ರಾಕ್ಸ್‌ಬರ್ಗ್ ಸಾಹೇಬರ ಹೆಸರಿನ ಷಷ್ಠಿ. ಷಷ್ಠಿ ಆದ್ರಿಂದ ಮೊದಲನೇ ಪದದ ಲಿಂಗ ಯಾವುದಾದ್ರೂ ಅದು ಬದಲಾಗಲ್ಲ.