ಮನೆ ಕಂಪ್ಯೂಟರಿಗೆ ಅಗ್ಗದ ಗ್ರಾಫಿಕ್ಸ್ ಕಾರ್ಡ್: ಡಬ್ಬದ ಮೇಲಿನ ಜಿಬಿ ನೋಡಿ ಕೊಳ್ಳಬೇಡಿ

ಮೊದಲು ಕಾರ್ಡ್ ಬೇಕೇ ಬೇಕಾ ನೋಡಿಕೊಳ್ಳಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ (ಉದಾಹರಣೆಗೆ ಐ3-12100ಎಫ್) ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಅದರೊಳಗೆ ಇಲ್ಲ, ಕಾರ್ಡ್ ಬೇಕೇ ಬೇಕು. ಎಎಂಡಿಯ ರೈಜೆನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಒಳಗೇ ಇದ್ದೂ ನಿಧಾನ ಎನಿಸಿದರೆ ರ‍್ಯಾಮ್ ಕಡೆ ನೋಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಬಳಸುತ್ತದೆ. ಒಂದೇ ಸ್ಟಿಕ್ ಇರುವಲ್ಲಿ ಅದೇ ವೇಗದ ಇನ್ನೊಂದನ್ನು ಸರಿಯಾದ ಸ್ಲಾಟಿಗೆ ಹಾಕಿದರೆ ಡ್ಯುಯಲ್ ಚಾನೆಲ್ ಆಗಿ (ಎರಡು ದಾರಿಯಲ್ಲಿ ದತ್ತಾಂಶ ಓಡಿ) ಎಷ್ಟೋ ಸಲ ಕಾರ್ಡಿನ ಖರ್ಚೇ ಉಳಿಯುತ್ತದೆ.

ಕಾರ್ಡ್ ಬೇಕೇ ಬೇಕು ಎಂದಾದರೆ ಕ್ಯಾಬಿನೆಟ್ ಬಿಚ್ಚಿ. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬ) 6 ಪಿನ್‌ನ ಪವರ್ ಕೇಬಲ್ ಇಲ್ಲದಿದ್ದರೆ ಆ ಮಿತಿಯೊಳಗಿನ ಕಾರ್ಡನ್ನೇ ಆರಿಸಿ. ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ಕೇಬಲಿಗೆ ಅಡಾಪ್ಟರ್ ಹಾಕಿ 6 ಪಿನ್ ಮಾಡಿಕೊಳ್ಳುವ ಉಪಾಯ ಬೇಡವೇ ಬೇಡ: ಸಾಟಾ ಕನೆಕ್ಟರ್ ತಡೆಯುವುದು 12 ವೋಲ್ಟಿನಲ್ಲಿ 54 ವ್ಯಾಟ್ ಮಾತ್ರ, 6 ಪಿನ್ ಕೇಳಬಹುದಾದದ್ದು 75. ಕನೆಕ್ಟರ್ ಕಾದು ಕರಗಬಹುದು. ತೆಳು ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್ ಕಾರ್ಡೇ ಬೇಕು, ಗಿಡ್ಡ ಬ್ರಾಕೆಟ್ (ಕ್ಯಾಬಿನೆಟ್ಟಿಗೆ ಬಿಗಿಯುವ ಲೋಹದ ಪಟ್ಟಿ) ಡಬ್ಬದಲ್ಲಿದೆಯೇ ಎಂದು ಕೇಳಿಯೇ ಕೊಳ್ಳಿ.

ಹೆಚ್ಚು ಜನ ಎಡವುವುದು ಮೆಮೊರಿಯಲ್ಲಿ. ದೊಡ್ಡಕ್ಷರದಲ್ಲಿ '4 ಜಿಬಿ' ಎಂದಿರುತ್ತದೆ. ನೋಡಬೇಕಾದದ್ದು ಪಕ್ಕದಲ್ಲಿ ಚಿಕ್ಕದಾಗಿ ಬರೆದ ಮೆಮೊರಿ ಬಗೆ. ಜಿಟಿ 1030 ಕಾರ್ಡನ್ನೇ ತೆಗೆದುಕೊಳ್ಳಿ. ಜಿಡಿಡಿಆರ್5 ಇರುವುದರಲ್ಲಿ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, ಡಿಡಿಆರ್4 ಇರುವುದರಲ್ಲಿ ಸುಮಾರು 17. ಹೆಸರು ಒಂದೇ, ಎರಡರಲ್ಲೂ 2 ಜಿಬಿ, ಆದರೆ ಗೇಮ್ ಹಾಕಿದರೆ ಬೇರೆ ಬೇರೆ ಕಾರ್ಡುಗಳೇ. ಡಿಡಿಆರ್3 ಅಥವಾ ಡಿಡಿಆರ್4 ಎಂದು ಕಂಡರೆ ಎಷ್ಟೇ ಜಿಬಿ ಇರಲಿ, ಬಿಟ್ಟುಬಿಡಿ.

ಮಾನಿಟರಿನ ಹಿಂಬದಿಯನ್ನೂ ನೋಡಿ. ವಿಜಿಎ ಮಾತ್ರ ಇದ್ದರೆ ಕಾರ್ಡಿನ ಡಿವಿಐ-ಡಿ ಕಿಂಡಿಗೆ (ಅದರಿಂದ ಬರುವುದು ಡಿಜಿಟಲ್ ಸಂಕೇತ ಮಾತ್ರ) ಸಾದಾ ಪರಿವರ್ತಕ ಕೆಲಸ ಮಾಡದು, ಒಳಗೆ ಚಿಪ್ ಇರುವ ಆ್ಯಕ್ಟಿವ್ ಪರಿವರ್ತಕ ಬೇಕು. 4ಕೆ ಮಾನಿಟರಿಗೆ ಎಚ್‌ಡಿಎಂಐ 2.0 ಇರಲಿ, 1.4 ಆದರೆ 30 ಹರ್ಟ್ಜ್‌ಗೇ ನಿಲ್ಲುತ್ತದೆ, ಮೌಸ್ ತೊದಲಿದಂತೆ ಓಡುತ್ತದೆ.

ಹಾಗಾದರೆ ಯಾವುದು? ಪರದೆ ಮೂಡಿದರೆ ಸಾಕು, ವಿಡಿಯೊ ನೋಡಿದರೆ ಸಾಕು ಎನ್ನುವವರಿಗೆ 30 ವ್ಯಾಟಿನ ಜಿಟಿ 1030 ಜಿಡಿಡಿಆರ್5 ಆದೀತು. ಅದರ ಚಿಪ್‌ನಲ್ಲಿ ಎವಿ1 ಎಂಬ ಹೊಸ ಬಗೆಯ ವಿಡಿಯೊ ಬಿಡಿಸುವ ಭಾಗ ಇಲ್ಲ, ಅಂಥ ವಿಡಿಯೊದ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಂಟೆಲ್‌ನ ಆರ್ಕ್ ಎ310 ಕಾರ್ಡಿನಲ್ಲಿ ಆ ಭಾಗ ಇದೆ, ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವ ಸೌಲಭ್ಯ) ಇಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಅದು ಮಂಕಾಗುತ್ತದೆ. ಸಣ್ಣಪುಟ್ಟ ಗೇಮ್‌ಗೆ ಆರ್‌ಎಕ್ಸ್ 6400 (53 ವ್ಯಾಟ್) ಒಳ್ಳೆಯದೇ. ಅದು ಬಳಸುವುದು ನಾಲ್ಕೇ ಲೇನ್ (ದತ್ತಾಂಶ ಓಡಾಡುವ ದಾರಿ), ಹಾಗಾಗಿ ಹಳೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ವೇಗ ಕುಗ್ಗುತ್ತದೆ. ಹಳೆಯ ಬೋರ್ಡಿಗೆ ಹದಿನಾರೂ ಲೇನ್ ಬಳಸುವ ಜಿಟಿಎಕ್ಸ್ 1650 ನಮ್ಮ ಆಯ್ಕೆ, 6 ಪಿನ್ ಬೇಡದ ಮಾದರಿಯನ್ನೇ ಹುಡುಕಿ. ಜಿಟಿ 710 ಹೊಸ ಡಬ್ಬದಲ್ಲಿ ಬಂದರೂ ಬೇಡ, ಅದಕ್ಕೆ ಹೊಸ ಸೌಲಭ್ಯಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರುವುದು 2021ರಲ್ಲೇ ನಿಂತಿದೆ.

ಕೂರಿಸುವಾಗ ಪ್ಲಗ್ ಕಿತ್ತು, ಸ್ಲಾಟಿನ ತುದಿಯ ಲಾಚ್ 'ಟಕ್' ಎನ್ನುವವರೆಗೆ ಒತ್ತಿ, ಬ್ರಾಕೆಟ್ಟಿಗೆ ಸ್ಕ್ರೂ ಹಾಕಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿನಿಂದ ತೆಗೆದು ಕಾರ್ಡಿಗೆ ಚುಚ್ಚಿ; ಪರದೆ ಕಪ್ಪಾಗಿದೆ ಎಂಬ ದೂರಿನ ಹಿಂದೆ ಬಹಳ ಸಲ ಇಷ್ಟೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಆಗಿದ್ದರೆ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಉಚಿತ ತಂತ್ರಾಂಶ) ತೆರೆದು ಮೆಮೊರಿ ಬಗೆ ನೋಡಿ. ಹಳೆಯ ಚಿಪ್‌ಗೆ ಹೊಸ ಹೆಸರಿನ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತುಂಬಿ ಮಾರುವವರಿದ್ದಾರೆ. ಅಂಥದ್ದು ಸಿಕ್ಕರೆ ಜಿಪಿಯು-ಝಡ್ ಸಾಮಾನ್ಯವಾಗಿ ಹೆಸರಿನ ಮುಂದೆ 'ಫೇಕ್' ಎಂದೇ ತೋರಿಸುತ್ತದೆ. ಹಣ ಕೊಡುವ ಮೊದಲೇ ಇದನ್ನು ಮಾಡಿ.