ಲಾಕ್‌ಡೌನ್‌ನಲ್ಲಿ ಏಳು ಮನೆಗಳ ಸಕ್ಕರೆ ಲೆಕ್ಕ: ನನ್ನ ಅನುಭವ

ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಇನ್ಸುಲಿನ್ ಅನ್ನು ಮಣ್ಣಿನ ಮಡಕೆಯಲ್ಲಿ ಇಡುತ್ತೇನೆಂದು ಹೇಳಿದಾಗ ನಮ್ಮ ಓಣಿಯ ಮೆಡಿಕಲ್ ಅಂಗಡಿಯವರು ನಕ್ಕರು. ಬೆಂಗಳೂರಿನಲ್ಲಿರುವ ಅಳಿಯ ಫೋನಿನಲ್ಲಿಯೇ ಗದರಿದರು. ಆ ಬೇಸಿಗೆಯೂ ಕಳೆಯಿತು, ಅದರ ಮುಂದಿನದೂ ಕಳೆಯಿತು. ಲಾಕ್‌ಡೌನಿನಲ್ಲಿ ಕೂಟ ಕಟ್ಟಿಕೊಂಡ ನಮ್ಮ ಏಳು ಮನೆಗಳಲ್ಲಿ ಒಂಬತ್ತು ಮಂದಿ ಸಕ್ಕರೆ ಕಾಯಿಲೆಯವರಿದ್ದು, ಅವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಐವರಲ್ಲಿ ಯಾರಿಗೂ ಔಷಧವಿಲ್ಲದೆ ಒಂದು ಹೊತ್ತೂ ತಪ್ಪಲಿಲ್ಲ. ಹೀಗಾಗಿ ಬರೆಯುವ ಧೈರ್ಯ ಬಂದಿದೆ. ಸೂಜಿ ಎಲ್ಲಿ ಚುಚ್ಚಬೇಕು, ಫಾಸ್ಟಿಂಗ್ ಎಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ಸಕ್ಕರೆ ಎಂಬುದೆಲ್ಲ ಹಲವರಿಗೆ ಗೊತ್ತಿರುವ ಮಾತು.

ಮೊದಲ ತಪ್ಪು ನನ್ನದೇ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಮುಗಿದ ಮರುದಿನ ಗಾಬರಿಯಲ್ಲಿ ಆರು ವಯಲ್ (ಇನ್ಸುಲಿನ್ ತುಂಬಿದ ಪುಟ್ಟ ಗಾಜಿನ ಸೀಸೆ) ತಂದು, ಒಂದಕ್ಕೆ ನೂರೈವತ್ತರ ಆಸುಪಾಸು ಕೊಟ್ಟು, ಹಳೆಯ ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ. ಐಸ್ ಪೆಟ್ಟಿಗೆಗೆ ಒತ್ತಿಕೊಂಡಿದ್ದ ಎರಡು ವಯಲ್ ಹೆಪ್ಪುಗಟ್ಟಿದ್ದವು. ಕರಗಿದ ಮೇಲೆ ನೋಡುವುದಕ್ಕೆ ಮೊದಲಿನಂತೆಯೇ ಇದ್ದುದರಿಂದ ಬಳಸುತ್ತಾ ಹೋದೆ. ನೂರ ಮೂವತ್ತರಲ್ಲಿದ್ದ ಫಾಸ್ಟಿಂಗ್ ಹತ್ತು ದಿನಗಳಲ್ಲಿ ಇನ್ನೂರ ಅರವತ್ತು ದಾಟಿತು. ಅಷ್ಟು ದಿನವೂ ಮನೆಯವಳ ಉಪ್ಪಿಟ್ಟನ್ನು ದೂರಿದೆ. ಕೊನೆಗೊಂದು ಬೆಳಿಗ್ಗೆ ವಯಲ್ ಅನ್ನು ಅಂಗೈಯಲ್ಲಿ ಉರುಳಿಸಿ ಬೆಳಕಿಗೆ ಹಿಡಿದಾಗ, ಎಷ್ಟು ಉರುಳಿಸಿದರೂ ಬೆರೆಯದ ಬಿಳಿ ಚೂರುಗಳು ಗಾಜಿನ ಒಳಗೋಡೆಗೆ ಅಂಟಿಕೊಂಡಿದ್ದುದು ಕಾಣಿಸಿತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದೆಂಬುದನ್ನು ಹದಿನಾಲ್ಕು ವರ್ಷ ಸೂಜಿ ಹಾಕಿಕೊಂಡವನು ಮುನ್ನೂರು ರೂಪಾಯಿ ಕಳೆದುಕೊಂಡು ಕಲಿಯಬೇಕಾಯಿತು.

ಇನ್ನೊಂದು ತೊಂದರೆ ಕರೆಂಟಿನದು. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ ನಮ್ಮ ಮಗ್ಗುಲಲ್ಲೇ ಇದ್ದರೂ ಗಾಳಿ ಎದ್ದ ಸಂಜೆ ಐದಾರು ಗಂಟೆ ಕತ್ತಲೆಯಲ್ಲಿ ಕುಳಿತಿರುವುದು ನಮಗೆ ರೂಢಿಯಾಗಿತ್ತು. ಮಡಕೆಯ ಆಲೋಚನೆ ಹುಟ್ಟಿದ್ದು ಆಗಲೇ. ಮೊದಲು ತಂದ ಮಡಕೆಗೆ ಬಣ್ಣ ಬಳಿದಿದ್ದರು, ಅದು ಬೆವರಲೇ ಇಲ್ಲ. ಎರಡನೆಯದು ಮನೆಯ ಹಳೆಯ ನೀರಿನ ಮಡಕೆ. ಬೋರಿನ ಉಪ್ಪುನೀರು ವರ್ಷಗಟ್ಟಲೆ ಕುಡಿದು ಅದರ ರಂಧ್ರಗಳು ಮುಚ್ಚಿಹೋಗಿದ್ದವು. ಲಾಕ್‌ಡೌನಿನ ನಡುವೆಯೇ ಕುಂಬಾರರೊಬ್ಬರು ಸೈಕಲ್ ಮೇಲೆ ತಂದುಕೊಟ್ಟ ಹೊಸ ಕೆಂಪು ಮಡಕೆಗಳೆರಡರಲ್ಲಿ ಚಿಕ್ಕದನ್ನು ದೊಡ್ಡದರೊಳಗಿಟ್ಟು, ನಡುವೆ ಉಸುಕು ತುಂಬಿ, ಆ ಉಸುಕಿಗೆ ದಿನಕ್ಕೆ ಎರಡು ಸಲ ನೀರುಣಿಸಿ, ಗಾಳಿಯಾಡುವ ನೆರಳಿನಲ್ಲಿಟ್ಟ ಮೇಲೆ ಲೆಕ್ಕ ಸರಿಹೋಯಿತು. ಹೊರಗೆ ನಲವತ್ತೊಂದು ಡಿಗ್ರಿ ಇದ್ದ ಮಧ್ಯಾಹ್ನ ಒಳಗಿನ ಥರ್ಮಾಮೀಟರ್ ಇಪ್ಪತ್ತೇಳು, ಇಪ್ಪತ್ತೆಂಟು ತೋರಿಸುತ್ತಿತ್ತು. ತೆರೆದ ವಯಲ್ ಅನ್ನು ನಾಲ್ಕು ವಾರದೊಳಗೆ ಮುಗಿಸುವವರಿಗೆ ಅಷ್ಟು ತಂಪು ಸಾಕು; ತೆರೆಯದವು ಫ್ರಿಜ್ಜಿನಲ್ಲೇ ಇರಬೇಕು. ವಯಲ್‌ಗಳನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡದಿದ್ದರೆ ಲೇಬಲ್ ನೆನೆದು ಅವಧಿ ಮುಗಿಯುವ ದಿನಾಂಕ ಅಳಿಸಿಹೋಗುತ್ತದೆ. ಮಡಕೆಯ ಬಾಯಿಗೆ ಯಾವ ಬಟ್ಟೆಯನ್ನು ಹೇಗೆ ಕಟ್ಟಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಓಣಿಗೆ ಬಂದವರಿಗೆ ತೋರಿಸುತ್ತೇನೆ. ಇದನ್ನೇ ಮಂಗಳೂರಿನಲ್ಲಿ ಮಾಡಿ ನೋಡಿದ ನನ್ನ ಷಡ್ಡಕರಿಗೆ ಎರಡು ಡಿಗ್ರಿಯೂ ಇಳಿಯಲಿಲ್ಲ, ಕರಾವಳಿಯ ಹಸಿ ಗಾಳಿಯಲ್ಲಿ ನೀರು ಆರುವುದೇ ಇಲ್ಲ. ನಮ್ಮಲ್ಲೂ ಜುಲೈ ಮಳೆ ಹಿಡಿದಾಗ ಮಡಕೆ ಸುಮ್ಮನಾಯಿತು.

ಸಕ್ಕರೆ ನೋಡಲು ರಕ್ತದ ಹನಿ ಹಾಕಿ ಮೀಟರಿಗೆ ಸಿಕ್ಕಿಸುವ ಸ್ಟ್ರಿಪ್‌ಗಳ ವಿಷಯದಲ್ಲಿ ನಾವು ಇನ್ನೂ ದಡ್ಡತನ ಮಾಡಿದೆವು. ಐವತ್ತರ ಡಬ್ಬಿ ಒಂಬೈನೂರು ಚಿಲ್ಲರೆ ಬೀಳುತ್ತಿದ್ದುದರಿಂದ ಎಲ್ಲ ಮನೆಗಳಿಗೂ ಒಂದೇ ಕಂಪನಿಯ ಮೀಟರ್ ಇಟ್ಟುಕೊಂಡು, ಡಬ್ಬಿ ಒಡೆದು, ಹತ್ತು ಹತ್ತರಂತೆ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಹಂಚಿದೆವು. ಮೂರನೆಯ ದಿನದಿಂದ ಕೆಲವರ ಮೀಟರ್ ಎರರ್ ತೋರಿಸಿತು, ಕೆಲವರದು ಸುಳ್ಳು ಹೇಳಿತು. ಸ್ಟ್ರಿಪ್ ತನ್ನ ಡಬ್ಬಿಯಿಂದ ಹೊರಬಂದು ತೇವ ಹೀರಿದರೆ ಮುಗಿಯಿತು. ಏಳೆಂಟು ನೂರು ರೂಪಾಯಿ ಅಲ್ಲಿ ಹೋಯಿತು. ಆಮೇಲೆ ಮನೆಗೊಂದರಂತೆ ಇಪ್ಪತ್ತೈದರ ಡಬ್ಬಿಗಳನ್ನು ಒಟ್ಟಿಗೆ ಖರೀದಿಸಿ ರಿಯಾಯಿತಿ ಪಡೆದೆವು, ಚುಚ್ಚುವ ಸೂಜಿಯನ್ನಂತೂ ಯಾರೂ ಯಾರೊಡನೆಯೂ ಹಂಚಿಕೊಳ್ಳಲಿಲ್ಲ. ದಿನಕ್ಕೆರಡು ಸಲ ನೋಡುವ ಚಟವನ್ನು ಬಿಟ್ಟು, ಸೋಮವಾರ ಫಾಸ್ಟಿಂಗ್, ಮಂಗಳವಾರ ನಾಷ್ಟಾ ಆದ ಎರಡು ಗಂಟೆಗೆ, ಬುಧವಾರ ಮಧ್ಯಾಹ್ನದ ಊಟಕ್ಕೆ ಮೊದಲು, ಹೀಗೆ ವಾರಕ್ಕೆ ಏಳು ಸ್ಟ್ರಿಪ್‌ಗಳಲ್ಲಿ ಏಳು ಹೊತ್ತಿನ ಚಿತ್ರ ಸಿಗುವಂತೆ ಮಾಡಿಕೊಂಡೆವು. ತಿಂಗಳಿಗೆ ಸಾವಿರದ ಮೇಲೆ ಆಗುತ್ತಿದ್ದ ನನ್ನ ಖರ್ಚು ಆರುನೂರರೊಳಗೆ ಬಂತು.

ಎಲ್ಲಕ್ಕಿಂತ ಹೆದರಿಸಿದ್ದು ಸಿರಿಂಜ್. ಏಪ್ರಿಲಿನಲ್ಲಿ ಕೆಂಪು ಮುಚ್ಚಳದ ನಲವತ್ತರ ಸಿರಿಂಜ್ (ಒಂದು ಮಿ.ಲೀ.ಗೆ ನಲವತ್ತು ಯೂನಿಟ್ ಇರುವ ಇನ್ಸುಲಿನ್‌ನದು) ಸಿಗದೆ, ಎದುರು ಮನೆಯ ಅಕ್ಕ ಕೇಸರಿ ಮುಚ್ಚಳದ ನೂರರ ಸಿರಿಂಜ್ (ಮಿ.ಲೀ.ಗೆ ನೂರು ಯೂನಿಟ್ ಇರುವುದರದು) ತರಿಸಿಕೊಂಡು ಅದೇ ಇಪ್ಪತ್ತರ ಗೆರೆಯವರೆಗೆ ಎಳೆಯುತ್ತಿದ್ದರು. ನಲವತ್ತರ ವಯಲಿನಿಂದ ಹಾಗೆ ಎಳೆದರೆ ದೇಹಕ್ಕೆ ಹೋಗುವುದು ಎಂಟೇ ಯೂನಿಟ್. ಅವರ ಸಕ್ಕರೆ ಮುನ್ನೂರ ನಲವತ್ತಕ್ಕೆ ಏರಿತು. ಪುಣ್ಯಕ್ಕೆ ತಪ್ಪು ಈ ದಿಕ್ಕಿನಲ್ಲಾಯಿತು. ನೂರರ ಇನ್ಸುಲಿನ್ ಅನ್ನು ನಲವತ್ತರ ಸಿರಿಂಜಿನಲ್ಲಿ ಎಳೆದಿದ್ದರೆ ಇಪ್ಪತ್ತು ಐವತ್ತಾಗುತ್ತಿತ್ತು. ಅಂದಿನಿಂದ ನನ್ನ ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಕೆಂಪು ಇಲ್ಲವೇ ಕೇಸರಿ ಚುಕ್ಕೆ ಇಟ್ಟು, ಆ ಚುಕ್ಕೆ ನೋಡದೆ ಯಾರ ಕಟ್ಟೆಯ ಮೇಲೂ ಔಷಧದ ಬುಟ್ಟಿ ಇಡಬಾರದೆಂದು ತಂದುಕೊಡುವ ಹುಡುಗರಿಗೆ ಹೇಳಿದೆ.

ನನಗೆ ಹೆಮ್ಮೆಯಿರುವುದು ಮಿಸ್ಡ್ ಕಾಲ್ ಪದ್ಧತಿಯ ಬಗ್ಗೆ. ಬೆಳಿಗ್ಗೆ ಆರರಿಂದ ಆರೂವರೆಯೊಳಗೆ ಒಂದು ರಿಂಗ್ ಬಂದರೆ ಆರಾಮ, ಎರಡು ಬಂದರೆ ಏನೋ ಬೇಕಾಗಿದೆ, ಬರದೇ ಹೋದರೆ ನಾವೇ ಹೋಗಬೇಕು. ಇದನ್ನು ಮಕ್ಕಳಾಟವೆಂದು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವರು ಒಂಟಿಯಾಗಿರುವ ನಿವೃತ್ತ ಮಾಸ್ತರರು. ಮೇ ಎರಡನೆಯ ವಾರ ಒಂದು ದಿನ ಅವರ ರಿಂಗ್ ಬರಲಿಲ್ಲ. ಪಕ್ಕದ ಮನೆಯಲ್ಲಿ ಇರಿಸಿದ್ದ ಕೀಲಿಯಿಂದ ಬಾಗಿಲು ತೆಗೆದಾಗ, ಬನಿಯನ್ ಮೈಗಂಟುವಷ್ಟು ಬೆವರಿ ಮಂಚದ ಅಂಚಿಗೆ ಕುಳಿತಿದ್ದರು. “ಏನ್ರೀ, ಇವತ್ತು ಪರೀಕ್ಷಾ ಐತೇನು?” ಎಂದು ಕೇಳಿದರು. ಸಕ್ಕರೆ ತೀರ ಇಳಿದು ಮೀಟರ್ ನಲವತ್ತೆಂಟು ತೋರಿಸಿತು. ನುಂಗುವಷ್ಟು ಎಚ್ಚರವಿದ್ದುದರಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಗಡಿಯಾರ ನೋಡುತ್ತಾ ಕುಳಿತು ಮತ್ತೆ ನೋಡಿದಾಗ ಎಂಬತ್ತೊಂದಿತ್ತು. ಹಿಂದಿನ ರಾತ್ರಿ ಸೂಜಿ ಹಾಕಿಕೊಂಡು, ಹಸಿವಿಲ್ಲವೆಂದು ಅರ್ಧ ರೊಟ್ಟಿ ತಿಂದು ಮಲಗಿದ್ದರಂತೆ. ಮರುದಿನದಿಂದ ಅವರ ರಿಂಗ್ ಆರಕ್ಕೆ ಐದು ನಿಮಿಷ ಇರುವಾಗಲೇ ಬರತೊಡಗಿತು.

ಮನೆಯಲ್ಲೇ ಕುಳಿತವರಿಗೆ ಪ್ರಯೋಗದ ಹುಚ್ಚೂ ಹತ್ತಿತು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಚಮಚ ಶೇಂಗಾ ಚಟ್ನಿ ತಿಂದರೆ ಎರಡು ಗಂಟೆಗೆ ನನಗೆ ನೂರ ಅರವತ್ತೈದರ ಹತ್ತಿರ. ಅನ್ನ ಸಾರು ಹೊಟ್ಟೆ ತುಂಬ ಉಂಡರೆ ಇನ್ನೂರ ಇಪ್ಪತ್ತು. ಅದೇ ಅನ್ನ ಉಂಡು ಮಾಳಿಗೆಯ ಮೇಲೆ ಹದಿನೈದು ನಿಮಿಷ ಓಡಾಡಿದರೆ ಮೂವತ್ತು, ಮೂವತ್ತೈದು ಇಳಿಯುತ್ತಿತ್ತು. ಮೆಂತ್ಯದ ನೀರನ್ನು ಒಂದು ತಿಂಗಳು ಕುಡಿದೆ, ಬಾಯಿ ಕಹಿಯಾದದ್ದು ಬಿಟ್ಟರೆ ನನ್ನ ನೋಟ್‌ಬುಕ್ಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾವಿನಹಣ್ಣಿನ ಪ್ರಯೋಗದ ಅಂಕಿಗಳನ್ನು ಮನೆಯವಳಿಗೆ ತೋರಿಸಿಲ್ಲವಾದ್ದರಿಂದ ಇಲ್ಲಿಯೂ ಬರೆಯುವಂತಿಲ್ಲ.

2021ರ ಎರಡನೆಯ ಅಲೆಯಲ್ಲಿ ನೋಟ್‌ಬುಕ್ಕಿಗೆ ನಿಜವಾದ ಬೆಲೆ ಬಂತು. ಏಪ್ರಿಲ್ ಕೊನೆಯಲ್ಲಿ ಕಿರಾಣಿ ಅಂಗಡಿಯವರಿಗೆ ಕೋವಿಡ್ ತಗುಲಿ, ಆಕ್ಸಿಜನ್ ಇಳಿದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು, ಸ್ಟೀರಾಯ್ಡ್ ಮಾತ್ರೆಗಳೊಂದಿಗೆ ಮನೆಗೆ ಬಂದರು. ಡೆಕ್ಸಾಮೆಥಾಸೋನ್ ಎಂಬ ಆ ಸ್ಟೀರಾಯ್ಡ್ ಸಕ್ಕರೆಯನ್ನು ಹೇಗೆ ಏರಿಸುತ್ತದೆಂಬುದನ್ನು ನಾನು ಆಗಲೇ ಕಣ್ಣಾರೆ ಕಂಡದ್ದು. ಅದುವರೆಗೆ ಗುಳಿಗೆಯಲ್ಲೇ ಇದ್ದವರು ಸಂಜೆಯ ಹೊತ್ತಿಗೆ ನಾನೂರು ದಾಟುತ್ತಿದ್ದರು. ಆಸ್ಪತ್ರೆಯಿಂದ ಕೊಟ್ಟ ಚೀಟಿಯಲ್ಲಿ ಸಕ್ಕರೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಕ್ಕರೆ ಏರಿದ ಕೋವಿಡ್ ರೋಗಿಗಳನ್ನು ಕಾಡುತ್ತಿದ್ದ ಕಪ್ಪು ಶಿಲೀಂಧ್ರದ ಸುದ್ದಿ ದಿನವೂ ಬರುತ್ತಿದ್ದ ಕಾಲವದು. ದಿನಕ್ಕೆ ನಾಲ್ಕು ಸಲದ ಅಂಕಿಗಳನ್ನು ಗಂಟೆ ಸಮೇತ ಫೋನಿನಲ್ಲಿ ಓದಿ ಹೇಳಿದ್ದರಿಂದ ನಮ್ಮ ಡಾಕ್ಟರು ಅಂದೇ ಇನ್ಸುಲಿನ್ ಆರಂಭಿಸಿ, ಡೋಸ್ ಏರಿಸುತ್ತಾ, ಮಾತ್ರೆ ನಿಂತ ಮೇಲೆ ಇಳಿಸುತ್ತಾ ಬಂದರು. ತೆರೆಯದೆ ಇಟ್ಟಿದ್ದ ನನ್ನ ಒಂದು ವಯಲ್ ಅವರ ಮೊದಲ ವಾರಕ್ಕಾಯಿತು.

ನನ್ನ ಮೂರು ತಿಂಗಳ ಸರಾಸರಿ (ಶೇಕಡಾ ಲೆಕ್ಕದ ಎಚ್‌ಬಿಎ1ಸಿ ರಕ್ತಪರೀಕ್ಷೆ) ಒಂಬತ್ತು ಚಿಲ್ಲರೆಯಿಂದ ಏಳು ಪಾಯಿಂಟ್ ಒಂದಕ್ಕೆ ಬಂದಿದೆ. ತಿಂಗಳಿಗೆ ಮನೆಗೆ ಇನ್ನೂರರಂತೆ ಸೇರಿಸಿದ ಹಣದಲ್ಲಿ ಮುನ್ನೂರ ನಲವತ್ತು ರೂಪಾಯಿ ಇನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಹೆಪ್ಪುಗಟ್ಟಿದ ಎರಡು ವಯಲಿನ ಹಣವನ್ನು ಅದರಿಂದ ಹಿಡಿದುಕೊಳ್ಳುತ್ತೇನೆಂದರೆ ಮಾಸ್ತರರು ಒಪ್ಪುತ್ತಿಲ್ಲ. ಕೂಟ ಆರಂಭವಾಗುವ ಮೊದಲಿನ ನಷ್ಟ ನನ್ನ ಸ್ವಂತದ್ದೆಂದು ನೋಟ್‌ಬುಕ್ಕಿನಲ್ಲಿ ತಮ್ಮ ಕೈಬರಹದಲ್ಲೇ ಷರಾ ಬರೆದಿದ್ದಾರೆ.