ಮಾತುಕತೆಯಲ್ಲಿ ಅನುಭವದ ಮಾತನ್ನು ನಾನು ನಿಭಾಯಿಸುವ ಬಗೆ

ತಂಡಗಳ ಒಳಗಿನ ತಕರಾರುಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತುಕತೆ ನಡೆಸಿಕೊಡುವುದು ನನ್ನ ಕೆಲಸ. ಮಾತು ಕೆಡುವುದು ಹೆಚ್ಚಾಗಿ ಒಂದೇ ಕಡೆ: ಒಬ್ಬರು ಅನುಭವ ಹೇಳುತ್ತಾರೆ, ಇನ್ನೊಬ್ಬರು ಅಂಕಿಅಂಶ ಮುಂದಿಡುತ್ತಾರೆ. "ಈ ಕೋಣೆಯಲ್ಲಿ ಚಳಿ, ಕೂರಲಾಗುತ್ತಿಲ್ಲ" ಎಂದವರಿಗೆ "22 ಡಿಗ್ರಿ ಇದೆಯಲ್ಲ" ಎಂಬ ಉತ್ತರ ಬರುತ್ತದೆ. ಎರಡೂ ನಿಜವೇ. ಆದರೆ ಕೇಳಿದ್ದೊಂದು, ಹೇಳಿದ್ದೊಂದು.

ಚಳಿಯ ವಿಷಯವನ್ನು ಅಳತೆಯವರೇ ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಕೋಣೆಯಲ್ಲಿ ಜನರಿಗೆ ಚಳಿ-ಸೆಕೆ ಎಷ್ಟು ಅನಿಸುತ್ತದೆ ಎಂದು ಲೆಕ್ಕಹಾಕಲು ಡೆನ್ಮಾರ್ಕ್‌ನ ಸಂಶೋಧಕ ಫ್ಯಾಂಗರ್ 1970ರಲ್ಲಿ ಮಂಡಿಸಿದ ಮಾದರಿ ಆರು ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಗಾಳಿಯ ಉಷ್ಣಾಂಶ, ಗೋಡೆ ಕಿಟಕಿಗಳ ವಿಕಿರಣ ಶಾಖ, ಗಾಳಿಯ ವೇಗ, ತೇವಾಂಶ, ಮೈಮೇಲಿನ ಬಟ್ಟೆ, ದೇಹದ ಚಟುವಟಿಕೆ. ಥರ್ಮಾಮೀಟರ್ ಹೇಳುವುದು ಇವುಗಳಲ್ಲಿ ಒಂದನ್ನು ಮಾತ್ರ. ಇಷ್ಟೆಲ್ಲ ಸೇರಿಸಿ ಆ ಮಾದರಿ ಅಂದಾಜು ಮಾಡುವುದಾದರೂ ಏನನ್ನು? −3 (ತೀರಾ ಚಳಿ) ರಿಂದ +3 (ತೀರಾ ಸೆಕೆ) ರವರೆಗಿನ ಏಳು ಹಂತಗಳಲ್ಲಿ ಜನ ತಮಗೆ ಹೇಗನಿಸುತ್ತಿದೆ ಎಂದು ಕೊಡುವ ಸರಾಸರಿ ಉತ್ತರವನ್ನು. ಆ ಸರಾಸರಿ ಸರಿಯಾಗಿ ಸೊನ್ನೆಗೆ, ಅಂದರೆ ಚಳಿಯೂ ಅಲ್ಲದ ಸೆಕೆಯೂ ಅಲ್ಲದ ಹಂತಕ್ಕೆ, ಬಂದಾಗಲೂ ನೂರಕ್ಕೆ 5 ಮಂದಿಗೆ ಹಿತವಿರುವುದಿಲ್ಲ ಎಂದು ಮಾದರಿಯೇ ಹೇಳುತ್ತದೆ. ಆ ಐವರು ಸುಳ್ಳು ಹೇಳುತ್ತಿಲ್ಲ. ಅವರ ಮಾತು ಕೂಡ ಮಾಹಿತಿಯೇ.

ನಾನು ಮಾಡುವುದಿಷ್ಟು. ದೂರನ್ನು ಹೇಳಿದವರ ಪದಗಳಲ್ಲೇ ಬರೆದುಕೊಂಡು, ಅದನ್ನು ಕಂಡದ್ದು, ಅನಿಸಿದ್ದು, ಊಹಿಸಿದ್ದು ಎಂದು ಮೂರು ಸಾಲುಗಳಾಗಿ ಒಡೆಯುತ್ತೇನೆ. "ಸಭೆಯಲ್ಲಿ ನನ್ನನ್ನು ಬೇಕೆಂದೇ ಕಡೆಗಣಿಸಿದರು" ಎಂಬ ದೂರಿನಲ್ಲಿ, ಮಾತು ಮುಗಿಯುವ ಮೊದಲೇ ಎರಡು ಸಲ ತಡೆದದ್ದು ಕಂಡದ್ದು. ಅವಮಾನವಾದದ್ದು ಅನಿಸಿದ್ದು. "ಬೇಕೆಂದೇ" ಎಂಬುದು ಊಹೆ. ಮೊದಲನೆಯದನ್ನು ಅಲ್ಲಿದ್ದ ಇತರರನ್ನು ಕೇಳಿ ಪರಿಶೀಲಿಸಬಹುದು. ಎರಡನೆಯದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಮೂರನೆಯದಕ್ಕೆ ಉತ್ತರ ಗೊತ್ತಿರುವುದು ತಡೆದವರಿಗೆ, ಹಾಗಾಗಿ ಅದನ್ನು ಆರೋಪವಾಗಿ ಹೊರಿಸದೆ ಪ್ರಶ್ನೆಯಾಗಿ ಅವರ ಮುಂದಿಡುತ್ತೇನೆ. ಹೆಚ್ಚು ಎಡವಟ್ಟಾಗುವುದು ಇಲ್ಲೇ. "ನೀವು ಸುಳ್ಳು ಹೇಳುತ್ತಿದ್ದೀರಿ ಅನಿಸುತ್ತದೆ" ಎಂಬುದು ಭಾವನೆಯ ವೇಷ ತೊಟ್ಟ ಆರೋಪ. ಅದನ್ನು ಎರಡನೆಯ ಸಾಲಿಗೆ ಸೇರಿಸಿದರೆ ಯಾರೂ ಪ್ರಶ್ನಿಸದ ಆರೋಪವಾಗಿ ಉಳಿದುಬಿಡುತ್ತದೆ.

ಅನಿಸಿದ್ದನ್ನು ಮೊದಲು ಕೇಳಿಸಿಕೊಳ್ಳುತ್ತೇನೆ, ಅಂಕಿಗಳಿಗೆ ಆಮೇಲೆ ಕೈಹಾಕುತ್ತೇನೆ. ಅಂಕಿ ಮೊದಲು ಬಂದರೆ ಹೇಳುವವರು ನೆನಪಿಸಿಕೊಳ್ಳುವುದನ್ನು ಬಿಟ್ಟು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. ಪ್ರಶ್ನೆಯಲ್ಲಿ ಉತ್ತರವನ್ನು ವಾಲಿಸುವ ನನ್ನ ಪದಗಳು ನುಸುಳದಂತೆಯೂ ನೋಡಿಕೊಳ್ಳಬೇಕು. ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಅಪಘಾತದ ಚಿತ್ರಗಳನ್ನು ನೋಡಿದವರಿಗೆ ಕಾರುಗಳು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಎಂದು ಕೇಳಿದಾಗ ಸರಾಸರಿ ಉತ್ತರ ಗಂಟೆಗೆ 40 ಮೈಲಿಗೂ ಹೆಚ್ಚು, "ತಾಕಿದಾಗ" ಎಂದು ಕೇಳಿದಾಗ 31.8. ಆದ್ದರಿಂದ "ಆಗ ಎಷ್ಟು ಬೇಜಾರಾಯಿತು?" ಎಂದು ಕೇಳುವುದಿಲ್ಲ. "ಆಮೇಲೆ ಏನಾಯಿತು?" ಎಂದು ಕೇಳಿ ಸುಮ್ಮನಿರುತ್ತೇನೆ.

ತೀವ್ರತೆ ತಿಳಿಯಲು 0ಯಿಂದ 10ರ ಅಳತೆ ಸಾಕು, ನೋವಿಗೆ ವೈದ್ಯರು ಬಳಸುವಂಥದ್ದೇ. ಆದರೆ ಒಬ್ಬರ ಇಂದಿನ 7ನ್ನು ಅವರದೇ ಮುಂದಿನ ವಾರದ ಅಂಕೆಯೊಂದಿಗೆ ಹೋಲಿಸಬಹುದೇ ಹೊರತು ಇನ್ನೊಬ್ಬರ 7ರೊಂದಿಗಲ್ಲ.

ಅನುಭವಕ್ಕೂ ಎಲ್ಲೆಯಿದೆ, ಅದನ್ನು ಮುಲಾಜಿಲ್ಲದೆ ಹೇಳುತ್ತೇನೆ. "ಇಲ್ಲಿ ಯಾವಾಗಲೂ ಹೀಗೇ" ಎಂದರೆ ಎಣಿಸಲೇಬೇಕು. ಕಾರಣದ ಮಾತೂ ಹಾಗೆಯೇ. ಮಾತ್ರೆ ನುಂಗಿದ ಮೇಲೆ ತಲೆನೋವು ಹೋಯಿತು ಎಂಬುದರಲ್ಲಿ ನೋವು ಹೋದದ್ದು ನಿಜ. ಮಾತ್ರೆಯಿಂದಲೇ ಹೋಯಿತು ಎನ್ನಲು ಅಷ್ಟು ಸಾಲದು, ತಲೆನೋವು ತಾನಾಗಿಯೂ ಹೋಗುತ್ತದೆ.

ಕೊನೆಗೆ ನಡಾವಳಿ ಬರೆಯುವಾಗ ಮೂರೂ ಸಾಲುಗಳನ್ನು ಬೇರೆ ಬೇರೆಯಾಗಿಯೇ ಉಳಿಸಿ, ಸಹಿಗೆ ಮುಂಚೆ ಹೇಳಿದವರಿಗೆ ಓದಿ ಹೇಳುತ್ತೇನೆ. ತಿದ್ದುಪಡಿ ಹೆಚ್ಚಾಗಿ ಬರುವುದು ಎರಡನೆಯ ಸಾಲಿಗೆ. ಅದನ್ನು ಅವರು ಹೇಳಿದಂತೆಯೇ ತಿದ್ದುತ್ತೇನೆ.